ಹೃದಯ ಉಳಿಸುವ ಯಂತ್ರದಿಂದ ಕಾಲಿಗೆ ಕುತ್ತು: ಎಕ್ಮೋ, ಬಲೂನ್ ಪಂಪ್ ಹಾಕಿದಾಗ ಕುಟುಂಬದವರು ತಿಳಿದಿರಬೇಕಾದ್ದೇನು?

ಪುಣೆ: ತೀವ್ರ ಹೃದಯಾಘಾತವಾದವರನ್ನು ಐಸಿಯುಗೆ ಸೇರಿಸಿದ ಮೇಲೆ ಹೊರಗೆ ಕಾಯುವ ಕುಟುಂಬದವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಿಪಿ ಎಷ್ಟಿದೆ? ಹೃದಯ ಎಷ್ಟು ಕೆಲಸ ಮಾಡುತ್ತಿದೆ? ಇನ್ನೆಷ್ಟು ದಿನ? 'ಕಾಲು ಹೇಗಿದೆ?' ಎಂದು ಕೇಳುವವರು ತೀರಾ ಕಡಿಮೆ. ಆದರೆ ರೋಗಿಗೆ ಬಲೂನ್ ಪಂಪ್, ಇಂಪೆಲ್ಲಾ ಅಥವಾ ಎಕ್ಮೋ ಯಂತ್ರ ಹಾಕಿದ್ದರೆ ಆ ಪ್ರಶ್ನೆಯನ್ನೂ ಕೇಳಲೇಬೇಕು.

ಸೋತ ಹೃದಯಕ್ಕೆ ಕೆಲವು ದಿನ ಆಸರೆಯಾಗುವ ಈ ಯಂತ್ರಗಳು ಸಾಮಾನ್ಯವಾಗಿ ದೇಹದ ಒಳಗೆ ಹೋಗುವುದು ತೊಡೆಸಂದಿನ ರಕ್ತನಾಳದ ಮೂಲಕ. ಅದೇ ರಕ್ತನಾಳದಿಂದಲೇ ಕಾಲಿಗೂ ರಕ್ತ ಹೋಗಬೇಕು. ಹೀಗಾಗಿ ಹೃದಯಕ್ಕೆ ಹಾಕಿದ ನಳಿಕೆ ಕೆಲವೊಮ್ಮೆ ಕಾಲಿನ ರಕ್ತವನ್ನು ತಡೆಯುತ್ತದೆ, ಕೆಲವೊಮ್ಮೆ ನಾಳಕ್ಕೆ ಪೆಟ್ಟು ಮಾಡಿ ರಕ್ತಸ್ರಾವ ತರುತ್ತದೆ. ಸಕಾಲದಲ್ಲಿ ಗೊತ್ತಾದರೆ ಕಾಲು ಉಳಿಯುತ್ತದೆ. ತಡವಾದರೆ ಕಾಲನ್ನು ಕತ್ತರಿಸುವ ಸ್ಥಿತಿಯೂ ಬರಬಹುದು.

ಪುಣೆಯಲ್ಲಿ ಹೃದಯ ಚಿಕಿತ್ಸೆಯ ದೊಡ್ಡ ಆಸ್ಪತ್ರೆಗಳು ಹಲವಾರಿವೆ. ಸೇನೆಯ ಹೃದಯ ಚಿಕಿತ್ಸಾ ಕೇಂದ್ರವಾದ ಆರ್ಮಿ ಇನ್‌ಸ್ಟಿಟ್ಯೂಟ್ ಆಫ್ ಕಾರ್ಡಿಯೋ ಥೊರಾಸಿಕ್ ಸೈನ್ಸಸ್ ಇರುವುದೂ ಇಲ್ಲೇ. 2023ರ ಜುಲೈನಲ್ಲಿ ನಾಗಪುರದಿಂದ ವಾಯುಪಡೆಯ ವಿಮಾನದಲ್ಲಿ ತಂದ ಹೃದಯವನ್ನು ಇದೇ ಕೇಂದ್ರದಲ್ಲಿ ಕಸಿ ಮಾಡಲಾಗಿತ್ತು. ಪಿಂಪ್ರಿ-ಚಿಂಚವಡ ಸುತ್ತಮುತ್ತ ದುಡಿಯುವ ಕನ್ನಡಿಗರ ಜೊತೆಗೆ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದಲೂ ಚಿಕಿತ್ಸೆಗೆಂದು ಪುಣೆಗೆ ಬರುವವರಿದ್ದಾರೆ. ಅಂಥವರಿಗೆ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಈ ಯಂತ್ರ ಯಾವಾಗ ಬೇಕಾಗುತ್ತದೆ?

ಎಲ್ಲ ಹೃದಯಾಘಾತಕ್ಕೂ ಈ ಯಂತ್ರಗಳು ಬೇಕಿಲ್ಲ. ಹೆಚ್ಚಿನವರಿಗೆ ಔಷಧ, ಆಂಜಿಯೋಪ್ಲಾಸ್ಟಿ, ಸ್ಟೆಂಟ್ ಸಾಕಾಗುತ್ತದೆ. ಆದರೆ ಕೆಲವರಲ್ಲಿ ಹೃದಯದ ದೊಡ್ಡ ಭಾಗವೇ ಪೆಟ್ಟು ತಿಂದು, ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗುವುದಿಲ್ಲ. ಬಿಪಿ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ನಿಲ್ಲುತ್ತದೆ, ಪ್ರಜ್ಞೆ ಮಂಕಾಗುತ್ತದೆ. ಇದನ್ನು ವೈದ್ಯರು ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ. ಈ ಹಂತಕ್ಕೆ ಬಂದವರಲ್ಲಿ ಸಾವಿನ ಪ್ರಮಾಣ ಇಂದಿಗೂ ಶೇ 40ರಿಂದ 50ರ ಆಸುಪಾಸಿನಲ್ಲಿದೆ.

ಕನ್ನಡ ಓದುಗರಿಗೆ ನೆನಪಿರಬಹುದಾದ ಪ್ರಕರಣ ತೆಲುಗು ನಟ ನಂದಮೂರಿ ತಾರಕರತ್ನ ಅವರದ್ದು. 2023ರ ಜನವರಿ 27ರಂದು ಆಂಧ್ರದ ಕುಪ್ಪಂನಲ್ಲಿ ಪಾದಯಾತ್ರೆಯ ವೇಳೆ ಅವರು ಕುಸಿದು ಬಿದ್ದರು. ಹೃದಯಾಘಾತದಿಂದ ಕಾರ್ಡಿಯೋಜೆನಿಕ್ ಶಾಕ್‌ಗೆ ಒಳಗಾಗಿದ್ದ ಅವರನ್ನು ಬಲೂನ್ ಪಂಪ್ ಆಸರೆಯಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ತರಲಾಯಿತು. ಎಕ್ಮೋ ಹಾಕಲಾಗಿದೆ ಎಂಬ ಸುದ್ದಿ ಹರಡಿದಾಗ ಆಸ್ಪತ್ರೆಯೇ ಪ್ರಕಟಣೆ ಹೊರಡಿಸಿ ಅದನ್ನು ನಿರಾಕರಿಸಿತ್ತು. ಫೆಬ್ರುವರಿ 18ರಂದು ಅವರು ನಿಧನರಾದರು. ಬಲೂನ್ ಪಂಪ್ ಮತ್ತು ಎಕ್ಮೋ ಎರಡೂ ಒಂದೇ ಎಂದು ಬಹಳ ಜನ ಭಾವಿಸಿದ್ದು ಆ ದಿನಗಳಲ್ಲಿ ಕಂಡುಬಂತು. ಆದರೆ ಇವು ಬೇರೆ ಬೇರೆ. ಅವುಗಳಿಂದ ಕಾಲಿಗೆ ಆಗುವ ಅಪಾಯದ ಪ್ರಮಾಣವೂ ಬೇರೆ.

ಮೂರು ಯಂತ್ರ, ಮೂರು ಗಾತ್ರ

ಬಲೂನ್ ಪಂಪ್: ಇದು ಮೂರರಲ್ಲಿ ಹಳೆಯದು. ಅಮೆರಿಕದ ಶಸ್ತ್ರವೈದ್ಯ ಏಡ್ರಿಯನ್ ಕ್ಯಾಂಟ್ರೊವಿಟ್ಜ್ 1967ರಲ್ಲಿ ಇದನ್ನು ಮೊದಲ ಬಾರಿಗೆ ರೋಗಿಗೆ ಬಳಸಿದರು. ತೊಡೆಸಂದಿನಿಂದ ಮಹಾಪಧಮನಿಯವರೆಗೆ ತೂರಿಸಿದ ಉದ್ದನೆಯ ಬಲೂನು ಹೃದಯದ ಬಡಿತಕ್ಕೆ ಸರಿಯಾಗಿ ಹೀಲಿಯಂ ಅನಿಲದಿಂದ ಉಬ್ಬುತ್ತದೆ, ಕುಗ್ಗುತ್ತದೆ. ಇದು ಹೃದಯದ ಹೊರೆ ಇಳಿಸುತ್ತದೆಯೇ ಹೊರತು ಹೃದಯದ ಕೆಲಸವನ್ನು ಪೂರ್ತಿ ವಹಿಸಿಕೊಳ್ಳುವುದಿಲ್ಲ.

ಇಂಪೆಲ್ಲಾ: ಇದು ನಳಿಕೆಯ ತುದಿಯಲ್ಲೇ ಇರುವ ಪುಟ್ಟ ಮೋಟಾರ್ ಪಂಪ್. ತುದಿಯನ್ನು ಹೃದಯದ ಎಡ ಕೆಳಕೋಣೆಯೊಳಗೆ ಇರಿಸಲಾಗುತ್ತದೆ. ನಿಮಿಷಕ್ಕೆ 40 ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಈ ಪಂಪ್, ಕೋಣೆಯಿಂದ ರಕ್ತವನ್ನು ಎಳೆದು ಮಹಾಪಧಮನಿಗೆ ಬಿಡುತ್ತದೆ.

ಎಕ್ಮೋ: ಇದು ಹೃದಯ ಮತ್ತು ಶ್ವಾಸಕೋಶ ಎರಡರ ಕೆಲಸವನ್ನೂ ಮಾಡಬಲ್ಲ ಯಂತ್ರ. ದೇಹದ ದೊಡ್ಡ ಅಭಿಧಮನಿಯಿಂದ, ಅಂದರೆ ಅಶುದ್ಧ ರಕ್ತ ಹರಿಯುವ ನಾಳದಿಂದ ರಕ್ತವನ್ನು ಹೊರಗೆಳೆದು, ಆಕ್ಸಿಜನ್ ಸೇರಿಸಿ ಮತ್ತೆ ಒಳಗೆ ಬಿಡುತ್ತದೆ. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ 2020ರಲ್ಲಿ ಕೋವಿಡ್‌ನಿಂದ ಶ್ವಾಸಕೋಶ ಹಾನಿಯಾದಾಗ ಚೆನ್ನೈನಲ್ಲಿ ಎಕ್ಮೋ ಹಾಕಲಾಗಿತ್ತು. ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರಿಗೆ 2016ರ ಡಿಸೆಂಬರ್‌ನಲ್ಲಿ ಹೃದಯ ಸ್ತಂಭನವಾದಾಗಲೂ ಇದೇ ಯಂತ್ರ ಬಳಸಲಾಗಿತ್ತು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಶ್ವಾಸಕೋಶಕ್ಕೆ ಮಾತ್ರ ಆಸರೆ ಬೇಕಾದಾಗ ರಕ್ತವನ್ನು ಅಭಿಧಮನಿಯಿಂದ ತೆಗೆದು ಅಭಿಧಮನಿಗೇ ಮರಳಿಸುತ್ತಾರೆ. ಹೃದಯಕ್ಕೆ ಆಸರೆ ಬೇಕಾದಾಗ ಅದನ್ನು ಅಪಧಮನಿಗೆ, ಅಂದರೆ ಶುದ್ಧ ರಕ್ತದ ನಾಳಕ್ಕೆ ಮರಳಿಸಬೇಕು. ಕಾಲಿಗೆ ರಕ್ತ ಕಡಿಮೆಯಾಗುವ ದೊಡ್ಡ ಅಪಾಯ ಇರುವುದು ಈ ಎರಡನೇ ವಿಧಾನದಲ್ಲಿ.

ಇನ್ನು ಗಾತ್ರದ ವಿಷಯ. ವೈದ್ಯಕೀಯ ನಳಿಕೆಗಳ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಬಲೂನ್ ಪಂಪ್‌ನ ನಳಿಕೆ 7ರಿಂದ 8 ಫ್ರೆಂಚ್, ಅಂದರೆ ಸುಮಾರು ಎರಡೂವರೆ ಮಿ.ಮೀ. ಹೆಚ್ಚಾಗಿ ಬಳಸುವ ಇಂಪೆಲ್ಲಾ ಸಿಪಿ ಪಂಪ್ 14 ಫ್ರೆಂಚ್, ಅಂದರೆ ಸುಮಾರು 4.7 ಮಿ.ಮೀ. ಎಕ್ಮೋಗೆ ಅಪಧಮನಿಯೊಳಗೆ ಹಾಕುವ ನಳಿಕೆ ಸಾಮಾನ್ಯವಾಗಿ 15ರಿಂದ 19 ಫ್ರೆಂಚ್, ಅಂದರೆ 5ರಿಂದ 6 ಮಿ.ಮೀ.ಗೂ ಹೆಚ್ಚು.

ತೊಡೆಸಂದಿನ ಅಪಧಮನಿಯ ಒಳಗಿನ ಅಗಲ ಎಷ್ಟು? ವಯಸ್ಕರಲ್ಲಿ ಸಾಮಾನ್ಯವಾಗಿ 6ರಿಂದ 10 ಮಿ.ಮೀ. ಕೊಬ್ಬು, ಸುಣ್ಣದಂಶ ಕಟ್ಟಿಕೊಂಡಿದ್ದರೆ ಇನ್ನೂ ಕಡಿಮೆ. 7 ಮಿ.ಮೀ. ನಾಳದಲ್ಲಿ 6 ಮಿ.ಮೀ. ನಳಿಕೆ ಕುಳಿತರೆ ಕಾಲಿನ ಕಡೆಗೆ ರಕ್ತ ಹರಿಯಲು ಉಳಿಯುವ ಜಾಗ ಎಷ್ಟೆಂದು ಊಹಿಸಬಹುದು.

ಕಾಲಿಗೆ ಏನಾಗುತ್ತದೆ?

ನಳಿಕೆ ನಾಳವನ್ನು ಬಹುತೇಕ ತುಂಬಿಕೊಂಡಾಗ ಅದರ ಕೆಳಗಿನ ಭಾಗಕ್ಕೆ, ಅಂದರೆ ತೊಡೆ, ಮೀನಖಂಡ ಮತ್ತು ಪಾದಕ್ಕೆ ರಕ್ತ ಕಡಿಮೆಯಾಗುತ್ತದೆ. ಶಾಕ್‌ನಲ್ಲಿರುವ ರೋಗಿಗೆ ಬಿಪಿ ಏರಿಸುವ ಔಷಧಗಳನ್ನೂ ಕೊಡುತ್ತಿರುತ್ತಾರೆ. ಅವು ಕೈಕಾಲಿನ ಸಣ್ಣ ನಾಳಗಳನ್ನು ಇನ್ನಷ್ಟು ಬಿಗಿಯಾಗಿಸುತ್ತವೆ. ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕೆಳಗೆ ಜಾರಿ ಸಣ್ಣ ನಾಳಗಳನ್ನು ಮುಚ್ಚುವುದೂ ಉಂಟು.

ರಕ್ತ ಪೂರ್ತಿ ನಿಂತರೆ ಸ್ನಾಯು ಮತ್ತು ನರಗಳಿಗೆ ಹೆಚ್ಚು ಸಮಯ ಇರುವುದಿಲ್ಲ. ಸುಮಾರು 4ರಿಂದ 6 ಗಂಟೆಗಳಲ್ಲಿ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಆಮೇಲೆ ರಕ್ತ ಸಂಚಾರ ಮರಳಿದರೂ ತೊಂದರೆ ಮುಗಿಯುವುದಿಲ್ಲ. ಹಾನಿಗೊಂಡ ಸ್ನಾಯು ಊದಿಕೊಳ್ಳುತ್ತದೆ. ಮೀನಖಂಡದ ಸ್ನಾಯುಗಳು ಹಿಗ್ಗದ ಬಿಗಿ ಪೊರೆಯೊಳಗೆ ಇರುವುದರಿಂದ ಒಳಗಿನ ಒತ್ತಡ ಏರಿ, ಬರುತ್ತಿದ್ದ ರಕ್ತವೂ ನಿಲ್ಲುತ್ತದೆ. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಆಗ ಚರ್ಮ ಮತ್ತು ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸಬೇಕಾಗುತ್ತದೆ. ಕಾಲನ್ನು ಹೀಗೆ ಸೀಳಿಟ್ಟಿದ್ದನ್ನು ನೋಡಿ ಬಂಧುಗಳು ಗಾಬರಿಯಾಗುವುದು ಸಹಜ. ಆದರೆ ಅದನ್ನು ಮಾಡುವುದು ಕಾಲು ಉಳಿಸುವುದಕ್ಕೇ.

ಸತ್ತ ಸ್ನಾಯುವಿನಿಂದ ಪೊಟ್ಯಾಸಿಯಂ, ಮಯೋಗ್ಲೋಬಿನ್‌ನಂಥ ವಸ್ತುಗಳು ರಕ್ತಕ್ಕೆ ಸೇರುತ್ತವೆ. ಪೊಟ್ಯಾಸಿಯಂ ಏರಿದರೆ ಹೃದಯ ಬಡಿತದ ಲಯ ತಪ್ಪುತ್ತದೆ. ಮಯೋಗ್ಲೋಬಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅಂದರೆ ಕಾಲಿನ ತೊಂದರೆ ಕಾಲಿನಲ್ಲೇ ನಿಲ್ಲುವುದಿಲ್ಲ, ಉಳಿಸಲು ಹೊರಟ ಹೃದಯಕ್ಕೇ ಮರಳಿ ಬರುತ್ತದೆ. ಕಾಲು ಪೂರ್ತಿ ನಿರ್ಜೀವವಾದರೆ ಜೀವ ಉಳಿಸಲು ಅದನ್ನು ತೆಗೆಯುವುದೊಂದೇ ದಾರಿ.

ಕಣ್ಣಿಗೆ ಕಾಣದ ರಕ್ತಸ್ರಾವ

ಎರಡನೇ ಅಪಾಯ ರಕ್ತಸ್ರಾವ. ನಳಿಕೆಯಲ್ಲಿ, ಪಂಪ್‌ನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಹೆಪರಿನ್‌ನಂಥ ಔಷಧ ಕೊಡುತ್ತಿರುತ್ತಾರೆ. ಸ್ಟೆಂಟ್ ಹಾಕಿದ್ದರೆ ಅದಕ್ಕೆ ಬೇರೆ ಮಾತ್ರೆಗಳು. ಊರಿನ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದರೆ ಅದರ ಪರಿಣಾಮವೂ ಉಳಿದಿರುತ್ತದೆ. ಇಷ್ಟರ ನಡುವೆ ದೊಡ್ಡ ಅಪಧಮನಿಗೆ ತೂತು ಮಾಡಬೇಕು.

ಚುಚ್ಚಿದ ಜಾಗದಿಂದ ರಕ್ತ ಹೊರಗೆ ಬಂದರೆ ನರ್ಸ್‌ಗೆ ಕಾಣುತ್ತದೆ, ಒತ್ತಿ ಹಿಡಿಯಬಹುದು. ಚುಚ್ಚಿದ್ದು ತೊಡೆಸಂದಿನ ಗೆರೆಗಿಂತ ತುಂಬಾ ಮೇಲಾಗಿದ್ದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ತುಂಬಿಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಬೆನ್ನು ಅಥವಾ ಪಕ್ಕೆ ನೋವು, ಕಾರಣವಿಲ್ಲದೆ ಬಿಪಿ ಇಳಿಯುವುದು, ಹಿಮೋಗ್ಲೋಬಿನ್ ಕುಸಿಯುವುದು ಇದರ ಸುಳಿವು. ಸಿಟಿ ಸ್ಕ್ಯಾನ್‌ನಲ್ಲಿ ಇದು ಖಚಿತವಾಗುತ್ತದೆ. ಚುಚ್ಚಿದ್ದು ತುಂಬಾ ಕೆಳಗಾದರೆ ಸಣ್ಣ ನಾಳಕ್ಕೆ ಪೆಟ್ಟಾಗಿ, ಪಕ್ಕದಲ್ಲಿ ರಕ್ತ ತುಂಬಿದ ಚೀಲದಂಥ ಊತ ಆಗಬಹುದು. ಮುಟ್ಟಿದರೆ ಇದು ಮಿಡಿಯುತ್ತದೆ. ನಾಳದ ಒಳಪದರ ಸೀಳುವುದು, ಅಪಧಮನಿ ಮತ್ತು ಅಭಿಧಮನಿ ನಡುವೆ ಅಡ್ಡದಾರಿ ಆಗುವುದು, ಗಾಯಕ್ಕೆ ಸೋಂಕು ತಗಲುವುದು ಇತರ ತೊಂದರೆಗಳು.

ಅಧ್ಯಯನಗಳು ಏನು ಹೇಳುತ್ತವೆ?

ಈ ತೊಂದರೆಗಳು ಎಷ್ಟು ಜನರಿಗೆ ಆಗುತ್ತವೆ ಎಂಬುದಕ್ಕೆ ಕೆಲವು ದೊಡ್ಡ ಅಧ್ಯಯನಗಳಲ್ಲಿ ಉತ್ತರವಿದೆ.

2012ರಲ್ಲಿ ಪ್ರಕಟವಾದ ಜರ್ಮನಿಯ ಐಎಬಿಪಿ-ಶಾಕ್ 2 ಅಧ್ಯಯನದಲ್ಲಿ 600 ರೋಗಿಗಳಿದ್ದರು. ಬಲೂನ್ ಪಂಪ್ ಹಾಕಿದವರಲ್ಲಿ 30 ದಿನದೊಳಗೆ ಶೇ 39.7 ಮಂದಿ, ಹಾಕದವರಲ್ಲಿ ಶೇ 41.3 ಮಂದಿ ಸಾವನ್ನಪ್ಪಿದರು. ಅಂದರೆ ಜೀವ ಉಳಿಸುವಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಾಲಿಗೆ ರಕ್ತ ಕೊರತೆಯಾದವರ ಪ್ರಮಾಣ ಶೇ 4.3 ಮತ್ತು ಶೇ 3.4. ಇಲ್ಲೂ ದೊಡ್ಡ ಅಂತರ ಇರಲಿಲ್ಲ. ನಳಿಕೆ ಸಣ್ಣದಾದ್ದರಿಂದ ಬಲೂನ್ ಪಂಪ್‌ನ ಅಪಾಯವೂ ಕಡಿಮೆ.

2023ರಲ್ಲಿ ಬಂದ ಇಸಿಎಲ್‌ಎಸ್-ಶಾಕ್ ಅಧ್ಯಯನ ಎಕ್ಮೋ ಕುರಿತದ್ದು. ಜರ್ಮನಿ ಮತ್ತು ಸ್ಲೊವೇನಿಯಾದ 400ಕ್ಕೂ ಹೆಚ್ಚು ರೋಗಿಗಳಲ್ಲಿ 30 ದಿನದ ಸಾವಿನ ಪ್ರಮಾಣ ಎಕ್ಮೋ ಹಾಕಿದವರಲ್ಲಿ ಶೇ 47.8, ಹಾಕದವರಲ್ಲಿ ಶೇ 49. ಚಿಕಿತ್ಸೆ ಬೇಕಾಗುವಷ್ಟು ರಕ್ತನಾಳದ ತೊಂದರೆ ಮಾತ್ರ ಎಕ್ಮೋ ಗುಂಪಿನಲ್ಲಿ ಶೇ 11, ಇನ್ನೊಂದರಲ್ಲಿ ಶೇ 3.8. ಗಂಭೀರ ಅಥವಾ ಮಧ್ಯಮ ಪ್ರಮಾಣದ ರಕ್ತಸ್ರಾವ ಶೇ 23.4 ಮತ್ತು ಶೇ 9.6.

2024ರ ಡೇಂಜರ್-ಶಾಕ್ ಅಧ್ಯಯನ ಇಂಪೆಲ್ಲಾ ಬಗ್ಗೆ. ಡೆನ್ಮಾರ್ಕ್, ಜರ್ಮನಿ ಮತ್ತು ಬ್ರಿಟನ್‌ನಲ್ಲಿ ನಡೆದ ಇದರಲ್ಲಿ ಮೊದಲ ಬಾರಿಗೆ ಯಂತ್ರದಿಂದ ಜೀವ ಉಳಿಯುವುದು ಸ್ಪಷ್ಟವಾಗಿ ಕಂಡಿತು. 180 ದಿನಗಳಲ್ಲಿ ಇಂಪೆಲ್ಲಾ ಗುಂಪಿನಲ್ಲಿ ಶೇ 45.8 ಮಂದಿ, ಇನ್ನೊಂದು ಗುಂಪಿನಲ್ಲಿ ಶೇ 58.5 ಮಂದಿ ಮೃತಪಟ್ಟರು. ಆದರೆ ಕಾಲಿಗೆ ರಕ್ತ ಕೊರತೆ ಶೇ 5.6 ಮತ್ತು ಶೇ 1.1. ರಕ್ತಸ್ರಾವ ಶೇ 21.8 ಮತ್ತು ಶೇ 11.9. ಡಯಾಲಿಸಿಸ್‌ನಂಥ ಚಿಕಿತ್ಸೆ ಬೇಕಾದವರು ಶೇ 41.9 ಮತ್ತು ಶೇ 26.7. ಈ ಅಧ್ಯಯನಕ್ಕೆ ಸೇರಿಸಿಕೊಂಡಿದ್ದು ಒಂದು ಬಗೆಯ ತೀವ್ರ ಹೃದಯಾಘಾತದಿಂದ ಶಾಕ್‌ಗೆ ಹೋದ ಆಯ್ದ ರೋಗಿಗಳನ್ನು ಮಾತ್ರ. ಹಾಗಾಗಿ ಎಲ್ಲರಿಗೂ ಇದೇ ಲಾಭ ಸಿಗುತ್ತದೆ ಎಂದು ಹೇಳಲಾಗದು.

ಎಕ್ಮೋ ಕುರಿತ 20 ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 1,866 ರೋಗಿಗಳ ಮಾಹಿತಿ ಇತ್ತು. ಅದರ ಪ್ರಕಾರ ಕಾಲಿಗೆ ರಕ್ತ ಕೊರತೆ ಶೇ 16.9, ಕಾಲಿನ ಸ್ನಾಯುಪೊರೆ ಸೀಳಬೇಕಾದ ಸ್ಥಿತಿ ಶೇ 10.3, ಕಾಲು ಕತ್ತರಿಸಬೇಕಾದದ್ದು ಶೇ 4.7.

ಈ ಅಂಕಿಗಳನ್ನು ನೋಡಿ ಯಂತ್ರವೇ ಬೇಡ ಎನ್ನುವಂತಿಲ್ಲ. ಹೃದಯ ನಿಂತೇಹೋಗುವ ಹಂತದಲ್ಲಿರುವ ಕೆಲವರಿಗೆ ಇದನ್ನು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಹೃದಯ ಕಸಿಗೆ ಕಾಯುವವರನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಲೂ ಕೆಲವೊಮ್ಮೆ ಇವು ಬೇಕು. ಅಂಕಿಗಳು ಹೇಳುವುದಿಷ್ಟೇ: ಯಂತ್ರಕ್ಕೊಂದು ಬೆಲೆ ಇದೆ, ಅದು ಮೊದಲೇ ಗೊತ್ತಿರುವ ಬೆಲೆ. ಹಾಗಾಗಿ ಅದನ್ನು ಕಡಿಮೆ ಮಾಡುವ ತಯಾರಿಯೂ ಮೊದಲೇ ಇರಬೇಕು.

ಯಾರಿಗೆ ಅಪಾಯ ಹೆಚ್ಚು?

ಮಹಿಳೆಯರು ಮತ್ತು ಸಣ್ಣ ಮೈಕಟ್ಟಿನವರಲ್ಲಿ ನಾಳದ ಗಾತ್ರವೇ ಚಿಕ್ಕದು. ಮಧುಮೇಹ ಇರುವವರು, ಬೀಡಿ-ಸಿಗರೇಟ್ ಸೇದುವವರು, ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುವವರಲ್ಲಿ ಕಾಲಿನ ನಾಳಗಳು ಮೊದಲೇ ಕಿರಿದಾಗಿರುತ್ತವೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2023ರ ವರದಿಯಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಹೀಗಾಗಿ ನಮ್ಮಲ್ಲಿ ಈ ವಿಷಯಕ್ಕೆ ಮಹತ್ವ ಹೆಚ್ಚು.

ಚಿಕ್ಕ ವಯಸ್ಸಿನವರೂ ಸುರಕ್ಷಿತ ಎನ್ನುವಂತಿಲ್ಲ. ವರ್ಷಗಟ್ಟಲೆ ನಾಳ ಕಿರಿದಾಗುತ್ತಾ ಬಂದವರಲ್ಲಿ ದೇಹವೇ ಸಣ್ಣಪುಟ್ಟ ಬದಲಿ ನಾಳಗಳನ್ನು ಬೆಳೆಸಿಕೊಂಡಿರುತ್ತದೆ. ಯುವಕರಲ್ಲಿ ಆ ಬದಲಿ ದಾರಿ ಇರುವುದಿಲ್ಲ. ಜೀವ ಹೋಗುವ ಹೊತ್ತಿನಲ್ಲಿ, ಎದೆ ಒತ್ತುತ್ತಾ ಅವಸರದಲ್ಲಿ ನಳಿಕೆ ಹಾಕಬೇಕಾದಾಗಲೂ ನಾಳಕ್ಕೆ ಪೆಟ್ಟಾಗುವ ಸಾಧ್ಯತೆ ಜಾಸ್ತಿ. ಯಂತ್ರ ಹೆಚ್ಚು ದಿನ ಇದ್ದಷ್ಟೂ ಅಪಾಯ ಏರುತ್ತದೆ.

ವೈದ್ಯರು ಹೇಗೆ ತಡೆಯುತ್ತಾರೆ?

ಮೊದಲ ಹೆಜ್ಜೆ, ಕಣ್ಣಂದಾಜಿನಲ್ಲಿ ಚುಚ್ಚದೆ ಅಲ್ಟ್ರಾಸೌಂಡ್ ನೋಡಿಕೊಂಡು ಸರಿಯಾದ ಜಾಗದಲ್ಲಿ ಚುಚ್ಚುವುದು. ಇದರಿಂದ ನಾಳದ ಅಗಲವೂ ಗೊತ್ತಾಗುತ್ತದೆ, ಅದಕ್ಕೆ ಹೊಂದುವ ಅತಿ ಸಣ್ಣ ನಳಿಕೆ ಆರಿಸಬಹುದು. ತೊಡೆಸಂದಿನ ನಾಳ ತೀರಾ ಕಿರಿದಾಗಿದ್ದರೆ ಭುಜದ ಬಳಿಯ ಅಪಧಮನಿಯ ಮೂಲಕ ಹೋಗುವ ದಾರಿಯೂ ಇದೆ.

ಎರಡನೆಯದು, ಎಕ್ಮೋ ಹಾಕಿದಾಗ ಕಾಲಿಗೆಂದೇ ಇನ್ನೊಂದು ಸಣ್ಣ ನಳಿಕೆ ಹಾಕುವುದು. ದೊಡ್ಡ ನಳಿಕೆ ರಕ್ತವನ್ನು ಮೇಲಕ್ಕೆ ಕಳುಹಿಸಿದರೆ, ಅದರಿಂದ ಕವಲೊಡೆದ 5ರಿಂದ 8 ಫ್ರೆಂಚ್ ಗಾತ್ರದ ಈ ನಳಿಕೆ ಕೆಳಗೆ ಕಾಲಿಗೆ ರಕ್ತ ಕೊಡುತ್ತದೆ. ಆಸ್ಪತ್ರೆಯಲ್ಲಿ ಇದನ್ನು 'ಡಿಸ್ಟಲ್ ಪರ್ಫ್ಯೂಷನ್' ನಳಿಕೆ ಎನ್ನುತ್ತಾರೆ. ಕಾಲು ತಣ್ಣಗಾದ ಮೇಲೆ ಓಡಾಡುವುದಕ್ಕಿಂತ ಆರಂಭದಲ್ಲೇ ಇದನ್ನು ಹಾಕುವುದು ಒಳ್ಳೆಯದು ಎಂಬುದು ಹಲವು ಕೇಂದ್ರಗಳ ಅನುಭವ.

ಮೂರನೆಯದು, ಗಂಟೆಗೊಮ್ಮೆ ಕಾಲಿನ ಪರೀಕ್ಷೆ. ಎಕ್ಮೋ ಇದ್ದಾಗ ರಕ್ತ ಬಡಿತವಿಲ್ಲದೆ ಒಂದೇ ಸಮನೆ ಹರಿಯುವುದರಿಂದ ಪಾದದ ನಾಡಿ ಕೈಗೆ ಸಿಗದಿರಬಹುದು. ಆದ್ದರಿಂದ ಡಾಪ್ಲರ್ ಉಪಕರಣದಿಂದ ರಕ್ತ ಹರಿಯುವ ಸದ್ದು ಕೇಳುತ್ತಾರೆ. ಎರಡೂ ಮೀನಖಂಡಕ್ಕೆ ಸ್ಟಿಕ್ಕರ್‌ನಂಥ ಸೆನ್ಸರ್ ಅಂಟಿಸಿ ಅಲ್ಲಿನ ಆಕ್ಸಿಜನ್ ಮಟ್ಟ ನೋಡುವ ವ್ಯವಸ್ಥೆಯೂ ಇದೆ. ಒಂದು ಕಾಲಿನ ಅಂಕಿ ಇಳಿಯತೊಡಗಿದರೆ ಬಣ್ಣ ಬದಲಾಗುವ ಮುಂಚೆಯೇ ಎಚ್ಚರವಾಗಬಹುದು.

ನಾಲ್ಕನೆಯದು, ಹೃದಯ ಚೇತರಿಸಿದ ಕೂಡಲೇ ಯಂತ್ರ ತೆಗೆಯುವುದು. ಜೊತೆಗೆ ರಕ್ತನಾಳದ ಶಸ್ತ್ರವೈದ್ಯರು ಕರೆದ ತಕ್ಷಣ ಸಿಗುವಂತಿರಬೇಕು. ಹೆಪ್ಪು ತೆಗೆಯುವುದು, ನಾಳ ದುರಸ್ತಿ ಮಾಡುವುದು, ನಳಿಕೆಯ ಜಾಗ ಬದಲಿಸುವುದು ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಆಗಬೇಕಾದ ಕೆಲಸ.

ಕುಟುಂಬದವರು ಗಮನಿಸಬೇಕಾದ ಲಕ್ಷಣಗಳು

ಐಸಿಯು ಒಳಗೆ ಬಿಡುವ ಐದು ನಿಮಿಷದಲ್ಲಿ ಮುಖ ನೋಡುವುದರ ಜೊತೆಗೆ ಕಾಲನ್ನೂ ನೋಡಿ. ನಳಿಕೆ ಇರುವ ಕಾಲನ್ನು ಇನ್ನೊಂದು ಕಾಲಿನ ಜೊತೆ ಹೋಲಿಸಿ. ಕಾಲನ್ನು ಮುಟ್ಟುವ ಮುನ್ನ ನರ್ಸ್ ಅನುಮತಿ ಕೇಳಿ. ನಳಿಕೆ, ಪಟ್ಟಿ ಯಾವುದನ್ನೂ ಸರಿಸಬೇಡಿ.

* ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ?
* ಬಿಳಿಚಿಕೊಂಡಿದೆಯೇ, ನೀಲಿಗಟ್ಟಿದೆಯೇ, ಮಚ್ಚೆ ಮಚ್ಚೆಯಾಗಿದೆಯೇ?
* ಮೀನಖಂಡ ಊದಿ ಕಲ್ಲಿನಂತೆ ಗಟ್ಟಿಯಾಗಿದೆಯೇ?
* ಎಚ್ಚರವಿರುವ ರೋಗಿ ಕಾಲು ನೋವು, ಜೋಮು ಎನ್ನುತ್ತಿದ್ದಾರೆಯೇ? ಬೆರಳು ಅಲ್ಲಾಡಿಸಲು ಆಗುತ್ತಿದೆಯೇ?
* ತೊಡೆಸಂದಿನ ಪಟ್ಟಿ ರಕ್ತದಿಂದ ನೆನೆದಿದೆಯೇ, ಅಲ್ಲಿ ಊತ ಇದೆಯೇ?
* ಬೆನ್ನು, ಪಕ್ಕೆ ನೋವು ಎನ್ನುತ್ತಿದ್ದಾರೆಯೇ?

ಇವುಗಳಲ್ಲಿ ಯಾವುದು ಕಂಡರೂ ಮುಂದಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ನರ್ಸ್ ಅಥವಾ ಡ್ಯೂಟಿ ಡಾಕ್ಟರ್‌ಗೆ ಹೇಳಿ. ಶಾಕ್‌ನಲ್ಲಿರುವವರ ಎರಡೂ ಕಾಲು ತಣ್ಣಗಿರಬಹುದು. ಮುಖ್ಯವಾಗಿ ನೋಡಬೇಕಾದ್ದು ಎರಡರ ನಡುವಿನ ವ್ಯತ್ಯಾಸ ಮತ್ತು ನಿನ್ನೆಗಿಂತ ಇಂದು ಆಗಿರುವ ಬದಲಾವಣೆ.

ಪುಣೆಯಲ್ಲಿ ಕನ್ನಡಿಗರಿಗೆ ಇನ್ನೊಂದು ತೊಡಕಿದೆ, ಅದು ಭಾಷೆ. ನರ್ಸ್ ಬಂದು 'ಕಾಕಾ, ಪಾಯ್ ದುಖತೋಯ್ ಕಾ?' ಎಂದು ಮರಾಠಿಯಲ್ಲಿ ಕೇಳಿದಾಗ, ವಿಜಯಪುರ ಕಡೆಯ ಹಿರಿಯರು 'ಕಾಲಿಗೆ ಜೋಮು ಹಿಡದದ' ಎಂದು ಕನ್ನಡದಲ್ಲಿ ಹೇಳಿದರೆ ಅದು ಕೇಸ್ ಶೀಟ್‌ಗೆ ಹೋಗದೆ ಇರಬಹುದು. ಮೂರು ಮಾತು ತಿಳಿದಿದ್ದರೆ ಸಾಕು. ಕಾಲು ನೋಯುತ್ತಿದೆ ಎನ್ನಲು 'ಪಾಯ್ ದುಖತೋಯ್', ತಣ್ಣಗಾಗಿದೆ ಎನ್ನಲು 'ಪಾಯ್ ಗಾರ್ ಪಡಲಾಯ್', ಜೋಮು ಹಿಡಿದಿದೆ ಎನ್ನಲು 'ಪಾಯಾಲಾ ಮುಂಗ್ಯಾ ಯೇತಾಯತ್'. ರೋಗಿಗೆ ಮರಾಠಿ, ಹಿಂದಿ ಬರುವುದಿಲ್ಲ ಎಂದು ದಾಖಲಾಗುವಾಗಲೇ ತಿಳಿಸಿ. ಕನ್ನಡ ಬಲ್ಲ ಸಿಬ್ಬಂದಿ ಇದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಯಂತ್ರ ಹಾಕುವ ನಿರ್ಧಾರ ಹೆಚ್ಚಾಗಿ ನಿಮಿಷಗಳಲ್ಲಿ ಆಗುತ್ತದೆ. ಒಪ್ಪಿಗೆ ಪತ್ರ ಓದಲೂ ಸಮಯ ಇರುವುದಿಲ್ಲ. ಆಗ ವಾದಕ್ಕಿಳಿದು ತಡ ಮಾಡಬಾರದು. ಯಂತ್ರ ಹಾಕಿದ ಮೇಲಾದರೂ ಈ ಪ್ರಶ್ನೆಗಳನ್ನು ಕೇಳಿ:

1. ಯಾವ ಯಂತ್ರ ಹಾಕಿದ್ದೀರಿ, ಅದನ್ನೇ ಆರಿಸಿದ್ದು ಯಾಕೆ?
2. ಯಾವ ಕಾಲಿನ ಮೂಲಕ ಹಾಕಿದ್ದೀರಿ? ಆ ಕಾಲಿಗೆ ರಕ್ತ ಹೋಗಲು ಬೇರೆ ನಳಿಕೆ ಇದೆಯೇ?
3. ಕಾಲನ್ನು ಎಷ್ಟು ಹೊತ್ತಿಗೊಮ್ಮೆ ಪರೀಕ್ಷಿಸುತ್ತೀರಿ? ಡಾಪ್ಲರ್ ಬಳಸುತ್ತೀರಾ?
4. ರಾತ್ರಿ ಹೊತ್ತು ತೊಂದರೆಯಾದರೆ ರಕ್ತನಾಳದ ಶಸ್ತ್ರವೈದ್ಯರು ಇಲ್ಲೇ ಸಿಗುತ್ತಾರೆಯೇ?
5. ಯಂತ್ರವನ್ನು ಯಾವಾಗ ತೆಗೆಯುವ ಅಂದಾಜಿದೆ? ಹೃದಯ ಚೇತರಿಸದಿದ್ದರೆ ಮುಂದೇನು?

ನೀವೂ ಕೆಲವು ವಿಷಯ ತಾವಾಗಿಯೇ ಹೇಳಬೇಕು. ರೋಗಿಗೆ ಮಧುಮೇಹ ಎಷ್ಟು ವರ್ಷದಿಂದ ಇದೆ, ಹಿಂದೆ ಕಾಲಿನ ನಾಳಕ್ಕೆ ಚಿಕಿತ್ಸೆ ಆಗಿದೆಯೇ, ನಡೆಯುವಾಗ ಕಾಲು ಹಿಡಿದುಕೊಳ್ಳುತ್ತಿತ್ತೇ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಮುಚ್ಚಿಡಬೇಡಿ. ಬೇರೆ ಊರಿನಿಂದ ಬಂದಿದ್ದರೆ ಅಲ್ಲಿ ಕೊಟ್ಟ ಇಂಜೆಕ್ಷನ್ ಹೆಸರು ಮತ್ತು ಸಮಯ ಬರೆದ ಚೀಟಿ ಬಹಳ ಮುಖ್ಯ. ಸೊಲ್ಲಾಪುರದಿಂದ ಪುಣೆಗೆ ಸುಮಾರು 250 ಕಿ.ಮೀ. ಬಲೂನ್ ಪಂಪ್ ಹಾಕಿಯೇ ಅಷ್ಟು ದೂರ ಆಂಬ್ಯುಲೆನ್ಸ್‌ನಲ್ಲಿ ಸಾಗಿಸುವುದಾದರೆ ದಾರಿಯಲ್ಲೂ ಕಾಲು ನೋಡುವವರಿರಬೇಕು. ನಳಿಕೆ ಇರುವ ಕಾಲು ಮಡಚದಂತೆಯೂ ನೋಡಿಕೊಳ್ಳಬೇಕು.

ಯಂತ್ರ ತೆಗೆದ ಮೇಲೂ ಎಚ್ಚರ

ನಳಿಕೆ ತೆಗೆದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುವಂತಿಲ್ಲ. ದೊಡ್ಡ ತೂತನ್ನು ಹೊಲಿಗೆ ಹಾಕುವ ವಿಶೇಷ ಸಾಧನದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಮುಚ್ಚುತ್ತಾರೆ. ಆ ಜಾಗದಲ್ಲಿ ನಾಳ ಕಿರಿದಾಗಬಹುದು, ಹೆಪ್ಪು ಕಟ್ಟಬಹುದು. ಹಾಗಾಗಿ ತೆಗೆದ ಬಳಿಕವೂ ಡಾಪ್ಲರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮನೆಗೆ ಹೋದ ಮೇಲೆ ತೊಡೆಸಂದಿನಲ್ಲಿ ಮಿಡಿಯುವ ಗಂಟು, ಕೆಂಪಾಗಿ ಕೀವು, ಜ್ವರ, ಒಂದೇ ಕಾಲು ಊದುವುದು, ಸ್ವಲ್ಪ ನಡೆದರೂ ಮೀನಖಂಡ ಹಿಡಿದುಕೊಳ್ಳುವುದು, ಪಾದ ತಣ್ಣಗಾಗುವುದು ಕಂಡರೆ ಮುಂದಿನ ಚೆಕಪ್ ತಾರೀಕಿಗೆ ಕಾಯಬೇಡಿ. ಮಿಡಿಯುವ ಗಂಟನ್ನು ಹೆಚ್ಚಿನ ಸಂದರ್ಭಗಳಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಇಂಜೆಕ್ಷನ್‌ನಿಂದಲೇ ಮುಚ್ಚಬಹುದು. ಅದರ ಮೇಲೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಅಪಾಯಕಾರಿ.

ಈ ಹಂತ ಬಾರದಂತೆ ಮಾಡಬಹುದೇ?

ಹೃದಯಾಘಾತದಿಂದ ಶಾಕ್‌ಗೆ ಹೋಗುವವರಲ್ಲಿ ತಡವಾಗಿ ಆಸ್ಪತ್ರೆಗೆ ಬಂದವರು ಬಹಳ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದಾಗ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವುದರಿಂದ ಹೋಗುವುದು ಹೃದಯದ ಸ್ನಾಯು. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದೊಡ್ಡ ಊರಿಗೆ ಹೊರಡುವ ಮುನ್ನ ಹತ್ತಿರದ ಆಸ್ಪತ್ರೆಯಲ್ಲಿ ಇದನ್ನು ಪಡೆದರೆ ಎಷ್ಟೋ ಮಂದಿಗೆ ಯಂತ್ರದ ಆಸರೆಯೇ ಬೇಕಾಗದಿರಬಹುದು.

ಅಷ್ಟಾದರೂ ಯಂತ್ರ ಬೇಕಾಗಿ ಬಂದರೆ ಹೆದರಿ ಬೇಡ ಎನ್ನಬೇಡಿ, ಹಾಕಿದ ಮೇಲೆ ಮರೆತೂ ಬಿಡಬೇಡಿ. ದಿನಕ್ಕೆ ಎರಡು ಬಾರಿ ವೈದ್ಯರು ಮಾಹಿತಿ ಕೊಡಲು ಹೊರಗೆ ಬಂದಾಗ ಹೃದಯದ ಬಗ್ಗೆ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: 'ಡಾಕ್ಟ್ರೇ, ಕಾಲು ಬೆಚ್ಚಗಿದೆಯಾ?'